ಪಡುವಲ ಮೂಲೆಯ ಗೊಬ್ಬರ

ಲೋಕಮ್ಮನಿಗೆ ತನ್ನದೆನ್ನುವ ನೆಲವಿರಲಿಲ್ಲ. ಗುಡಿಸಲಿತ್ತು. ಅದನ್ನು ನಾಲ್ಕು ಕಡೆ ಕಟ್ಟಿದ್ದಳು, ಮೂರು ಕಡೆ ಯಾರೋ ಬಂದು ಕೀಳಿಸಿದ್ದರು. ಈಗಿನದು ಸೊರಬದ ಹೊರಗೆ, ಕುಪ್ಪಗಡ್ಡೆಗೆ ಹೋಗುವ ದಾರಿಯಲ್ಲಿ, ಊರಿನ ಹಳೆಯ ಕಸದ ಗುಂಡಿಗೆ ಒತ್ತಿಕೊಂಡಿತ್ತು. ಆ ಜಾಗ ಯಾರಿಗೂ ಬೇಕಿರಲಿಲ್ಲವಾದ್ದರಿಂದ ಅಲ್ಲಿಂದ ಅವಳನ್ನು ಯಾರೂ ಎಬ್ಬಿಸಿರಲಿಲ್ಲ. ಮಗ ಯೋಗೇಶ ಅಡಿಕೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಅವನಿಗೆ ಹೆಣ್ಣು ಕೊಡಲೆಂದು ಬಂದ ಇಬ್ಬರು ಗುಡಿಸಲನ್ನು ನೋಡಿ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದರು.

ಊರಿನ ಕಸ ಬೇರೆ ಕಡೆ ಬೀಳತೊಡಗಿ ವರ್ಷಗಳಾಗಿದ್ದವು. ಗುಂಡಿ ತುಂಬಿ ದಿಬ್ಬವಾಗಿ, ಮೇಲೆ ಲಂಟಾನ, ಹರಳು ಗಿಡ ಬೆಳೆದಿದ್ದವು. ತೊಂಬತ್ತಾರರ ಬೇಸಿಗೆಯಲ್ಲಿ ಸುದ್ದಿ ಬಂತು. ದಿಬ್ಬವನ್ನು ಸಮ ಮಾಡಿ, ಕೆಮ್ಮಣ್ಣು ಹೊದಿಸಿ, ಮನೆಯಿಲ್ಲದವರಿಗೆ ಮೂವತ್ತೆರಡು ಸೈಟು ಮಾಡಿ ಹಂಚುತ್ತಾರಂತೆ. ಲೋಕಮ್ಮನ ಹೆಸರೂ ಸೇರಿತು. ಅದಕ್ಕೂ ಮೊದಲು ಆ ನೆಲ ಮನೆ ಕಟ್ಟಲು ಯೋಗ್ಯವೋ ಅಲ್ಲವೋ ನೋಡಬೇಕಿತ್ತು.

ನೋಡಲು ಬಂದವನು ಶಿಕಾರಿಪುರದ ಕೊಟ್ರೇಶ್. ಹೊಸದಾಗಿ ಕೆಲಸಕ್ಕೆ ಸೇರಿದ ಇಂಜಿನಿಯರು. ಇಬ್ಬರು ಆಳುಗಳನ್ನು ಕರೆತಂದಿದ್ದ. ದಿಬ್ಬದ ಸುತ್ತ ನಡೆದು ನೋಡಿ, ಕೊನೆಗೆ ಗುಡಿಸಲ ಮುಂದೆ ನಿಂತು ನೀರು ಕೇಳಿ ಕುಡಿದ.

“ಇಲ್ಲಿ ಸತ್ತ ದನ ಏನಾದ್ರೂ ಹೂಳ್ಯಾರೇನಮ್ಮ?”

“ಹೂಳಿದ್ರೆ ಏನಾಗ್ತದೆ ಸ್ವಾಮಿ?”

“ಸೈಟು ರದ್ದಾಗ್ತತಿ. ರೋಗದ ದನ ಹೂಳಿದ ಜಾಗದಾಗೆ ಮನೆ ಕಟ್ಟಂಗಿಲ್ಲ. ಅದಕ್ಕೇ ಕೇಳ್ತಿರೋದು.”

“ಇಲ್ಲ ಸ್ವಾಮಿ. ಬರೀ ಬೀದಿ ಕಸ.”

ಹೂಳಿದ್ದು ಅವಳ ಗಂಡ ಕೆಂಪಪ್ಪ. ಯೋಗೇಶ ಸಣ್ಣವನಿದ್ದಾಗಿನ ಮಾತು. ಆ ವರ್ಷ ದನಗಳು ಮೇಯುತ್ತಿದ್ದಲ್ಲೇ ಬಿದ್ದು, ಮೂಗು ಬಾಯಲ್ಲಿ ಕಪ್ಪು ರಕ್ತ ಬಿಟ್ಟು ಸತ್ತವು. ದನದ ಡಾಕ್ಟರು ನೆರಡಿ ರೋಗ, ಮನುಷ್ಯರಿಗೂ ಅಂಟುತ್ತದೆ ಎಂದರು. ಚರ್ಮ ಸುಲಿಯಬಾರದು, ಆಳುದ್ದಕ್ಕಿಂತ ಕೆಳಗೆ ಸುಣ್ಣ ಸುರಿದು ಹೂಳಬೇಕು, ಆ ಮಣ್ಣನ್ನು ಮತ್ತೆಂದೂ ಕೆದಕಬಾರದು ಎಂದರು. ಕೂಲಿಗೆ ಒಪ್ಪಿದ ಕೆಂಪಪ್ಪ ಗುಡ್ಡದ ಮಗ್ಗುಲಲ್ಲಿ ಅಗೆದು ನೋಡಿದ. ಜಂಬಿಟ್ಟಿಗೆ ನೆಲಕ್ಕೆ ಗುದ್ದಲಿ ಇಳಿಯಲಿಲ್ಲ. ಕಸದ ಗುಂಡಿಯ ಪಡುವಲ ಮೂಲೆ ಮೆತ್ತಗಿತ್ತು. ಅಲ್ಲೂ ಸೊಂಟದ ಆಳಕ್ಕೆ ಸಾಕೆಂದ. ಹೂಳಲೆಂದು ಕೊಟ್ಟ ಸುಣ್ಣದ ಮೂಟೆಗಳಲ್ಲಿ ಅರ್ಧವನ್ನು ಲೋಕಮ್ಮ ತಲೆಯ ಮೇಲೆ ಹೊತ್ತು ಮನೆಗೆ ತಂದಳು. ಎದುರಿಗೆ ದೀವಳಿಗೆ ಇತ್ತು. ಗುಡಿಸಲ ಗೋಡೆಗೆ ಎರಡು ಸಲ ಬಳಿದರು. ಅಷ್ಟು ಬಿಳಿಯ ಗೋಡೆ ಅವಳಿಗೆ ಆಮೇಲೆ ಯಾವತ್ತೂ ಸಿಗಲಿಲ್ಲ. ಮರುವರ್ಷ ಆ ಗುಡಿಸಲನ್ನು ಕೀಳಿಸಿದರು. ಕೆಂಪಪ್ಪ ಕುಡಿದು ಕುಡಿದು ಸತ್ತ.

ಕೊಟ್ರೇಶ್ ಕಾಟಾಚಾರದ ಮನುಷ್ಯನಲ್ಲ. ಮೂರು ಕಡೆ ಆಳದ ಗುಂಡಿ ತೆಗೆಸಿದ. ಕಪ್ಪು ಮಣ್ಣು, ಬೂದಿ, ಬಳೆ ಚೂರು, ಹವಾಯಿ ಚಪ್ಪಲಿಯ ಪಟ್ಟಿ ಬಂದವು. ಪ್ರತಿ ಗುಂಡಿಯ ಮಣ್ಣನ್ನೂ ಕೈಯಲ್ಲಿ ಹಿಡಿದು ಮೂಸಿದ. ನಾಲ್ಕನೆಯದಕ್ಕೆ ಪಡುವಲ ಮೂಲೆಗೆ ಹೋದ. ಅಲ್ಲಿ ನೆಲ ಸ್ವಲ್ಪ ಕುಸಿದಿದ್ದುದು ಅವನ ಕಣ್ಣಿಗೆ ಬಿದ್ದಿತ್ತು. ಆಳು ಗುದ್ದಲಿ ಎತ್ತಿದ.

“ಅಲ್ಲಿ ಬ್ಯಾಡಿ ಸ್ವಾಮಿ,” ಎಂದಳು ಲೋಕಮ್ಮ. “ಊರಿನ ಕಕ್ಕಸೆಲ್ಲ ಬಳಿದು ತಂದು ಅಲ್ಲೇ ಸುರೀತಿದ್ರು.”

ಆಳು ಗುದ್ದಲಿ ಕೆಳಗಿಟ್ಟ. ಬೇಕಾದರೆ ಸಾಹೇಬರೇ ಅಗೆದುಕೊಳ್ಳಲಿ ಎಂದು ಇನ್ನೊಬ್ಬನಿಗೆ ಹೇಳಿದ, ಸಾಹೇಬರಿಗೂ ಕೇಳುವ ಹಾಗೆ. ಕೊಟ್ರೇಶ್ ನಕ್ಕುಬಿಟ್ಟ. ಬುತ್ತಿ ಬಿಚ್ಚುವ ಮೊದಲು ಅದನ್ನು ಕೆದಕುವುದು ಅವನಿಗೂ ಬೇಡವಾಯಿತು. ಅಲ್ಲಿಂದ ಸಾಕಷ್ಟು ಸರಿದು ನಾಲ್ಕನೆಯ ಗುಂಡಿ ತೆಗೆಸಿದ. ಅದರಲ್ಲೂ ಬರೀ ಕಸ.

ಅವನು ಬರೆದುಕೊಟ್ಟ ವರದಿ ಚೆನ್ನಾಗಿಯೇ ಇತ್ತು. ರೋಗದ ಭಯವಿಲ್ಲ, ಮನೆ ಕಟ್ಟಬಹುದು. ಆದರೆ ಕಸದ ಮೇಲೆ ಮಣ್ಣು ಹೊದಿಸಿದರೆ ನಾಳೆ ಗೋಡೆ ಕುಸಿಯುತ್ತದೆ. ಹಳೆ ಕಸ ಕಳಿತು ಒಳ್ಳೆಯ ಗೊಬ್ಬರವಾಗಿದೆ, ಅಷ್ಟನ್ನೂ ರೈತರಿಗೆ ಹರಾಜು ಹಾಕಿ ಎತ್ತಿಸಿದ ಮೇಲೆ ಹೊಸ ಮಣ್ಣು ತುಂಬಬೇಕು.

ಯೋಗೇಶ ಉಣ್ಣುತ್ತಾ ಇದನ್ನು ಹೇಳಿದಾಗ ಲೋಕಮ್ಮ ಪಡುವಲ ಮೂಲೆಯದನ್ನೂ ಎತ್ತುತ್ತಾರೇನೋ ಎಂದು ಕೇಳಿದಳು. ಎಲ್ಲ ಕಡೆಯದನ್ನೂ, ಎಂದ ಅವನು. ಆ ಮೂಲೆ ಮುಚ್ಚಿಯೇ ಇರುತ್ತದೆ ಎಂದುಕೊಂಡು ಸುಳ್ಳು ಹೇಳಿದ್ದಳು. ಯೋಗೇಶ ಆಗಲೇ ತಮ್ಮ ಪಾಲಿಗೆ ಬರುವ ಜಾಗ ಇದೇ ಇರಬೇಕೆಂದು ಗುಡಿಸಲ ಹಿಂದೆ ನಾಲ್ಕು ಗೂಟ ಹೊಡೆದು ದಾರ ಕಟ್ಟಿದ್ದ. ಆನವಟ್ಟಿ ಕಡೆಯಿಂದ ಒಂದು ಸಂಬಂಧವೂ ಬಂದಿತ್ತು. ಹಕ್ಕುಪತ್ರ ಕೈಗೆ ಬಂದ ಮೇಲೆ ಮಾತು ಮುಂದುವರಿಸೋಣ ಎಂದಿದ್ದರು. ಅವಳು ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು.

ಗುದ್ದಲಿ ಕೆಳಗಿಟ್ಟ ಆಳು ಆ ಕತೆಯನ್ನು ಚಾ ಅಂಗಡಿಯಲ್ಲಿ ನಗುತ್ತಾ ಹೇಳಿದ್ದ. ಕೇಳಿದ ಬೇಸಾಯಗಾರರು ನಗಲಿಲ್ಲ. ಕಕ್ಕಸು ಬಿದ್ದ ಜಾಗದ ಗೊಬ್ಬರಕ್ಕೆ ಇರುವ ಸತ್ವ ಬೇರೆ ಯಾವುದಕ್ಕೂ ಇಲ್ಲವೆಂದು ಅವರಿಗೆ ಗೊತ್ತು. ಕುಪ್ಪಗಡ್ಡೆಯ ಹುಚ್ಚರಾಯಪ್ಪ ಹರಾಜಿನಲ್ಲಿ ಬೇರೆ ಕಡೆ ಕೂಗಲೇ ಇಲ್ಲ. ಪಡುವಲ ಮೂಲೆಯನ್ನಷ್ಟೇ ಹಿಡಿದ.

ಲೋಕಮ್ಮ ವರ್ಷವರ್ಷವೂ ಭತ್ತದ ನೆಟ್ಟಿಗೆ ಹೋಗುತ್ತಿದ್ದುದು ಅವನ ಗದ್ದೆಗೇ. ಗಾಡಿಗಳು ಬಂದ ಬೆಳಿಗ್ಗೆ ಅವಳು ಹತ್ತಿರ ಹೋದಳು. ಎತ್ತುಗಳನ್ನು ಬಿಚ್ಚಿ ಆ ಮೂಲೆಯ ಹುಲ್ಲಿಗೇ ಬಿಟ್ಟಿದ್ದರು. ಗಾಡಿ ಹೊಡೆಯುವ ಮಾಸ್ತಪ್ಪ ಅಗೆಯುತ್ತಿದ್ದ.

“ಗೌಡ್ರೇ, ಮೂಡಲ ಕಡೇದು ಚೆನ್ನಾಗಿ ಕಳ್ತೈತೆ. ಅದನ್ನ ತಗಳಿ. ಇದು ಬ್ಯಾಡ.”

“ಊರಿನ ಸತ್ವ ಎಲ್ಲಾ ಇಲ್ಲೇ ಐತೆ ಅಂತ ಇಂಜಿನಿಯರಿಗೆ ಹೇಳ್ದೋಳು ನೀನೇ ಅಂತಲ್ಲೇ,” ಎಂದ ಹುಚ್ಚರಾಯಪ್ಪ. “ಈಗ ಯಾರಿಗೆ ಅಂತ ಕಾದಿಡ್ತಿದೀಯ? ಸೈಟು ಕೈಗೆ ಬರೋಕೆ ಮುಂಚೆನೇ ಗುಂಡಿಗೆಲ್ಲ ಯಜಮಾನ್ತಿ ಆಗ್ಬಿಟ್ಯಾ?”

ಮಾಸ್ತಪ್ಪ ನಕ್ಕ. ನಗುತ್ತಲೇ ಬಗ್ಗಿ ಒಂದು ಮೂಳೆ ಎತ್ತಿ ತೋರಿಸಿದ. “ಗೌಡ್ರೇ, ಮೂಳೆ ಬೇರೆ ಐತೆ. ದೊಡ್ಡವು.”

“ಇರ್ಲಿ ಹಾಕೋ. ಮೂಳೆ ಬಿದ್ದ ಗದ್ದೆ ಭತ್ತ ತೂಕ ಬರ್ತದೆ.”

ಆದರೂ ಹುಚ್ಚರಾಯಪ್ಪ ಲೋಕಮ್ಮನ ಮುಖ ನೋಡಿದ. ದನಿ ಇಳಿಸಿ ಕೇಳಿದ. “ಏನಾದ್ರೂ ಐತೇನೇ ಇಲ್ಲಿ?”

ಮುಂದಿನ ಸೋಮವಾರ ಹಕ್ಕುಪತ್ರ ಕೊಡುವುದೆಂದು ಗೊತ್ತಾಗಿತ್ತು. ಯೋಗೇಶ ಕಟ್ಟಿದ ದಾರ ಅಲ್ಲಿಂದ ಕಾಣುತ್ತಿತ್ತು.

“ಏನಿಲ್ಲ ಗೌಡ್ರೇ. ವಾಸನೆ ಅಂತ ಹೇಳ್ದೆ.”

ಸೋಮವಾರ ಯಾವುದೋ ಕಾರಣಕ್ಕೆ ಮುಂದೆ ಹೋಯಿತು. ಅಷ್ಟರಲ್ಲಿ ಹುಚ್ಚರಾಯಪ್ಪನ ಒಂದು ಎತ್ತು ನೊಗದಲ್ಲೇ ಕುಸಿಯಿತು. ಹಾವು ಕಚ್ಚಿರಬೇಕೆಂದರು. ಒಳ್ಳೆಯ ಎತ್ತು, ಚರ್ಮ ಹಾಳಾಗುವುದು ಬೇಡವೆಂದು ಮಾಸ್ತಪ್ಪ ಸುಲಿದುಕೊಂಡ. ಮಾರನೆಯ ದಿನ ಜೋಡಿ ಎತ್ತು ಬಿತ್ತು. ಆಮೇಲೆ ಇನ್ನೊಂದು ಗಾಡಿಯ ಎತ್ತುಗಳು, ಗೊಬ್ಬರ ಬಿದ್ದ ಗದ್ದೆಯ ಬದುವಿನ ಹುಲ್ಲು ಮೇಯ್ದ ಪಕ್ಕದವರ ಎಮ್ಮೆಗಳು, ಹಸುಗಳು, ಒಂದು ಕರು. ಮಾಸ್ತಪ್ಪನ ಮುಂಗೈಯಲ್ಲಿ ಗುಳ್ಳೆಯೆದ್ದು ನಡುವೆ ಕಪ್ಪಗಾಯಿತು. ನೋವಿರಲಿಲ್ಲ, ಹಾಗಾಗಿ ಅರಿಶಿನ ಹಚ್ಚಿಕೊಂಡು ಗದ್ದೆಗೆ ಹೋದ. ತೋಳು ಬಾತು ಜ್ವರ ನೆತ್ತಿಗೇರಿದ ಮೇಲೆ ಶಿವಮೊಗ್ಗಕ್ಕೆ ಒಯ್ದರು. ಅಲ್ಲಿ ತೀರಿಕೊಂಡ.

ದನದ ಡಾಕ್ಟರು ಸತ್ತ ಎಮ್ಮೆಯ ಕಿವಿಯಿಂದ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ನೆರಡಿ ಎಂದು ಉತ್ತರ ಬಂತು. ಗದ್ದೆಗೆ ಹೊಸದಾಗಿ ಏನು ಹಾಕಿದಿರಿ ಎಂದು ಕೇಳಿದರು. ಅಲ್ಲಿಂದ ಗುಂಡಿಗೆ ಬರಲು ಹೊತ್ತಾಗಲಿಲ್ಲ.

ಪಡುವಲ ಮೂಲೆಯನ್ನು ಮುಚ್ಚಿಸಿದರು. ಇಡೀ ದಿಬ್ಬಕ್ಕೆ ಮುಳ್ಳುತಂತಿ ಸುತ್ತಿದರು. ಲಾರಿಯಲ್ಲಿ ಸುಣ್ಣ ಬಂತು. ಮೂಟೆ ಒಡೆದು ಸುರಿಯುತ್ತಿದ್ದಾಗ ಕೊಟ್ರೇಶ್ ತಂತಿಯಾಚೆ ನಿಂತಿದ್ದ. ಈ ಸಲ ಅವನು ನೀರು ಕೇಳಲಿಲ್ಲ.

“ನಿಮಗೆ ಗೊತ್ತಿತ್ತಲ್ಲ,” ಎಂದ ಲೋಕಮ್ಮನಿಗೆ.

“ಗೊತ್ತಿತ್ತು ಅಂದಿದ್ರೆ ಬೇರೆ ಕಡೆ ಸೈಟು ಕೊಡ್ತಿದ್ರಾ ಸ್ವಾಮಿ?”

ಅವನು ಗುಡಿಸಲ ಕಡೆ ತಿರುಗಿದ. ತಂತಿಯ ಗೆರೆ ಗುಡಿಸಲ ನಡುವೆ ಹಾದಿತ್ತು. ಸಂಜೆಯೊಳಗೆ ಖಾಲಿ ಮಾಡಬೇಕೆಂದು ಹೇಳಿ ಹೋದ. ಯೋಗೇಶ ಗೂಟಗಳನ್ನು ಕಿತ್ತು ಸೌದೆಯ ಕಟ್ಟಿಗೆ ಸೇರಿಸಿದ.

ಹೋದದ್ದಿಷ್ಟು: ಎತ್ತು ನಾಲ್ಕು, ಎಮ್ಮೆ ಮೂರು, ಹಸು ಎರಡು, ಕರು ಒಂದು, ಮಾಸ್ತಪ್ಪ, ಮೂವತ್ತೆರಡು ಸೈಟು, ಒಂದು ಗುಡಿಸಲು.