ಪೋಸ್ಟರಿಗೊಂದು ಪಿಸ್ತೂಲು

ಆ ಕಚೇರಿಯಲ್ಲಿ ಪೋಸ್ಟರ್ ಮಾಡುವವರು ಸಿನಿಮಾ ನೋಡುವ ಪದ್ಧತಿ ಇರಲಿಲ್ಲ. ಅರ್ಧ ಪುಟದ ಸಾರಾಂಶ ಬರುತ್ತಿತ್ತು. ಅದರಲ್ಲಿ ಹೊಡೆದಾಟ ಎಂದಿದ್ದರೆ ನೀಲಿ ಹಿನ್ನೆಲೆಗೆ ಕಿತ್ತಳೆ ಕಿಡಿ, ನಗೆ ಎಂದಿದ್ದರೆ ಬಿಳಿ ಹಿನ್ನೆಲೆಗೆ ದಪ್ಪ ಹಳದಿ ಅಕ್ಷರ, ಪ್ರೇಮ ಎಂದಿದ್ದರೆ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಇಬ್ಬರು. ಹೆಸರೊಂದನ್ನು ಬದಲಿಸಿದರೆ ಯಾವ ಸಿನಿಮಾದ ನೆತ್ತಿಗೆ ಬೇಕಾದರೂ ಹೊಂದುವ ಟೋಪಿಗಳು.

ಹತ್ತೊಂಬತ್ತು ವರ್ಷದಿಂದ ಅಲ್ಲಿ ಈ ಟೋಪಿ ಹೊಲಿಯುತ್ತಿದ್ದ ಹೆಂಗಸಿಗೆ ಸ್ಕೇಲಕ್ಕ ಎಂದೇ ಹೆಸರು. ಕಣ್ಣಳತೆಯನ್ನು ನಂಬದೆ ಕಂಪ್ಯೂಟರಿನ ಗಾಜಿಗೂ ಉಕ್ಕಿನ ಸ್ಕೇಲು ಹಿಡಿಯುವವಳು. ಈ ಸಲ ಮಾತ್ರ ಅವಳು ಸಿನಿಮಾ ನೋಡಿದ್ದಳು, ಅದೂ ಮೂರು ಸಲ. ನಿರ್ದೇಶಕ ಅವಳ ಒಡಹುಟ್ಟಿದ ತಮ್ಮ. ಇದು ಅವನ ಮೊದಲ ಚಿತ್ರ. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬ ತೀರಿಹೋದ ಹೆಂಡತಿಯ ಹೊಲಿಗೆ ಯಂತ್ರದ ಮುಂದೆ ಕೂತು, ಅವಳು ಅರ್ಧಕ್ಕೆ ಬಿಟ್ಟ ಬಟ್ಟೆಗಳನ್ನೆಲ್ಲ ಮುಗಿಸಿ ಗಿರಾಕಿಗಳ ಮನೆಗೆ ಮುಟ್ಟಿಸುವ ಕತೆ. ಎರಡು ಗಂಟೆಯಲ್ಲಿ ಒಂದು ಏಟೂ ಇಲ್ಲ, ಒಂದು ಗುಂಡೂ ಇಲ್ಲ.

ಅವಳ ಪೋಸ್ಟರಿನ ಹಿನ್ನೆಲೆ ಕಪ್ಪುಬೂದು. ಕೆಳಗಿನ ಮೂಲೆಯಲ್ಲಿ, ಲಾಠಿ ಹಿಡಿದು ದಡ್ಡುಗಟ್ಟಿದ ಒಂದು ಕೈ ಸೂಜಿಗೆ ದಾರ ಪೋಣಿಸಲು ತಡವರಿಸುತ್ತಿದೆ. ಕೈ, ದಾರ, ಚಿತ್ರದ ಹೆಸರು, ಇಷ್ಟೇ ಬೆಳ್ಳಗೆ. ಮೇಲಿನ ಮುಕ್ಕಾಲು ಪಾಲು ಬರಿದು. ಆ ಬರಿದನ್ನು ಅಳೆದು ಕೂರಿಸಲು ಹನ್ನೊಂದು ದಿನ ಹಿಡಿದಿತ್ತು. ಕೈಯನ್ನು ನಾಲ್ಕು ಬೆರಳು ಮೇಲೆ ಸರಿಸಿದರೆ ಅದು ದರ್ಜಿ ಅಂಗಡಿಯ ಜಾಹೀರಾತು. ಮೂಲೆಗೊತ್ತಿದರೆ ಮಾತ್ರ ಒಬ್ಬಂಟಿ ಮುದುಕ.

ತಣ್ಣನೆಯ ಕೋಣೆಯಲ್ಲಿ, ಗೋಡೆಯಗಲದ ಟಿವಿಯ ಮುಂದೆ ನಿರ್ಮಾಪಕ, ಅವನ ಭಾವಮೈದ ಮತ್ತು ಅವಳ ತಮ್ಮ ಕೂತರು. ಪ್ರಚಾರದ ಹೊಣೆ ಭಾವಮೈದನದು. ಅದಕ್ಕೆ ಅವನಿಗಿದ್ದ ಅರ್ಹತೆ ಅವನ ಅಕ್ಕನ ಮದುವೆ.

“ಮೇಲ್ಗಡೆ ಇನ್ನೂ ಲೋಡ್ ಆಗಿಲ್ಲ ಅನ್ಸುತ್ತೆ,” ಅಂದ ಭಾವಮೈದ.

“ಆಗಿದೆ ಸಾರ್. ಅಷ್ಟೇ ಅದು.”

“ಅಷ್ಟೇನಾ? ಹೀರೋ ಮುಖ ಎಲ್ಲಿ ಮೇಡಂ?” ಎಂದು ನಿರ್ಮಾಪಕ ಕೇಳಿದ.

“ಮುಖ ಹಾಕಿದ್ರೆ ಜನ ಮುಖ ನೋಡ್ಕೊಂಡು ಹೋಗ್ತಾರೆ ಸಾರ್. ಖಾಲಿ ಬಿಟ್ರೆ ಅವನ ಮನೇಲಿ ಯಾರೂ ಇಲ್ಲ ಅಂತ ತಿಳಿಯುತ್ತೆ.”

“ಥಿಯೇಟರಲ್ಲೂ ಯಾರೂ ಇಲ್ಲ ಅಂತ ತಿಳಿಯುತ್ತೆ.” ಭಾವಮೈದ ತನ್ನ ಮಾತಿಗೆ ತಾನೇ ನಕ್ಕ. “ಪೊಲೀಸು ಅಂದ್ಮೇಲೆ ಒಂದು ಗನ್ ಬೇಡ್ವಾ ಮೇಡಂ? ಕೆಂಪು ಗನ್. ದೊಡ್ಡದು. ಮೇಲ್ಗಡೆ ಪೂರ್ತಿ.”

“ಸಿನಿಮಾದಲ್ಲಿ ಗನ್ನೇ ಇಲ್ವಲ್ಲ ಸಾರ್.”

“ಅದಕ್ಕೇ ಪೋಸ್ಟರಲ್ಲಾದ್ರೂ ಇರ್ಲಿ.”

ಅವಳು ತಮ್ಮನತ್ತ ನೋಡಿದಳು. ಈ ಕತೆ ಹಿಡಿದು ನಾಲ್ಕು ವರ್ಷ ಬಾಗಿಲು ಬಾಗಿಲು ತಟ್ಟಿದವನು, ಒಂದು ದೃಶ್ಯ ಕತ್ತರಿಸಿ ಎಂದವರ ಮನೆಯಲ್ಲಿ ನೀರೂ ಮುಟ್ಟದೆ ಎದ್ದು ಬಂದೆ ಎಂದು ಅವಳೆದುರು ಕೊಚ್ಚಿಕೊಂಡವನು, ಈಗ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿದ್ದ.

“ಗನ್ ಒಂಥರಾ ಸಿಂಬಾಲಿಕ್ ಆಗಿ ಓಕೆ ಅಕ್ಕ,” ಅಂದ.

ಮುಂದಿನದು ಅವಳಿಗೆ ಎರಡೂ ಎರಡೂ ನಾಲ್ಕು ಎಂಬಷ್ಟು ಸ್ಪಷ್ಟವಾಗಿತ್ತು. ಗುಂಡಿನ ಆಸೆಗೆ ಬಂದವರು ಮಧ್ಯಂತರಕ್ಕೇ ಬೈದುಕೊಂಡು ಎದ್ದು ಹೋಗುತ್ತಾರೆ. ಹೊಲಿಯುವ ಮುದುಕನನ್ನು ನೋಡಬೇಕಾದವರು ಪಿಸ್ತೂಲು ಕಂಡು ಆ ಕಡೆ ತಲೆಯೇ ಹಾಕುವುದಿಲ್ಲ. ಮೂರನೆಯ ದಿನಕ್ಕೆ ಚಿತ್ರ ಎತ್ತಂಗಡಿ.

“ಆಗ್ಲಿ ಸಾರ್,” ಅಂದಳು. “ಕೆಂಪು ಗನ್. ದೊಡ್ಡದು.”

ಪೋಸ್ಟರುಗಳನ್ನೆಲ್ಲ ಅಂಟಿಸುವುದು ರೈಲು ನಿಲ್ದಾಣದ ಕೆಳಗಿನ ಸುರಂಗದಾರಿಯಲ್ಲಿ ಎಂದು ಮೊದಲೇ ಗೊತ್ತಾಗಿತ್ತು. ಆ ಮೂವರಲ್ಲಿ ಇಬ್ಬರು ಕಾರು ಬಿಟ್ಟು ಇಳಿಯದವರು, ಮೂರನೆಯವನು ನಡೆದರೂ ಫೋನಿನಿಂದ ತಲೆ ಎತ್ತದವನು. ಪೋಸ್ಟರು ಕೊನೆಗೆ ಎಲ್ಲಿ ನಿಲ್ಲುತ್ತದೆ ಎಂದು ಹೋಗಿ ನೋಡುವುದು ಅವರ ಪೈಕಿ ಯಾರ ಕೆಲಸವೂ ಆಗಿರಲಿಲ್ಲ. ಅವಳು ಮಾತ್ರ ದಿನಕ್ಕೆರಡು ಸಲ ಅಲ್ಲಿ ನಡೆಯುತ್ತಿದ್ದಳು. ಹಗಲೂ ಅಲ್ಲಿ ಉರಿಯುವುದು ಹಳೆಯ ಸೋಡಿಯಂ ದೀಪ. ಅದು ಸೂಸುವುದು ಹಳದಿಯೊಂದನ್ನೇ. ಕೆಂಪು ಬೆಳಕೇ ಬೀಳದ ಕಡೆ ಕೆಂಪು ವಸ್ತು ಯಾವುದನ್ನು ತಾನೇ ಹಿಂದಿರುಗಿಸೀತು? ಅಲ್ಲಿ ಗೋಡೆಗೆ ನೇತುಹಾಕಿದ ಬೆಂಕಿ ನಂದಿಸುವ ಸಿಲಿಂಡರು ಕೂಡ ಇದ್ದಿಲಿನ ಬಣ್ಣ.

ಅವಳು ಹದಿನಾಲ್ಕು ಬಗೆಯ ಕೆಂಪು ಅಚ್ಚು ಹಾಕಿಸಿ, ಊಟದ ಹೊತ್ತಿನಲ್ಲಿ ಸುರಂಗಕ್ಕೆ ಒಯ್ದು, ಒಂದೊಂದನ್ನೇ ಕಪ್ಪುಬೂದು ಹಾಳೆಯ ಮೇಲಿಟ್ಟು ನೋಡಿದಳು. ಒಂಬತ್ತನೆಯದು ಪೂರ್ತಿ ಕರಗಿಹೋಯಿತು. ಪಿಸ್ತೂಲಿಗೆ ಅದನ್ನೇ ತುಂಬಿದಳು. ತಣ್ಣನೆಯ ಕೋಣೆಯ ಟಿವಿಯಲ್ಲಿ ಅದು ರಕ್ತದಲ್ಲಿ ಅದ್ದಿ ತೆಗೆದಂತೆ ಹೊಳೆಯಿತು.

“ಇದಪ್ಪಾ ಪೋಸ್ಟರ್ ಅಂದ್ರೆ,” ಅಂದ ನಿರ್ಮಾಪಕ.

ಬಿಡುಗಡೆಗೆ ನಾಲ್ಕು ದಿನ ಇರುವಾಗ ಪೋಸ್ಟರಿನ ಮುಂದೆ ಫೋಟೊ ತೆಗೆಸಿಕೊಳ್ಳಲು ಎಲ್ಲರೂ ಸುರಂಗಕ್ಕೆ ಬಂದರು. ಸ್ಕೇಲಕ್ಕ ಹೆದರಿಕೊಂಡೇ ಜೊತೆಗೆ ಬಂದಳು. ಸಿಕ್ಕಿಬಿದ್ದರೆ ಹತ್ತೊಂಬತ್ತು ವರ್ಷದ ಕೆಲಸ ಅವತ್ತಿಗೇ ಮುಗಿಯುತ್ತಿತ್ತು. ಹೆದರಿದ್ದು ದಂಡ. ನಿರ್ಮಾಪಕ ಫೋನಿನಲ್ಲಿ ಮಾತಾಡುತ್ತ ಬಂದ, ಭಾವಮೈದ ಫೋನನ್ನೇ ಕನ್ನಡಿ ಮಾಡಿಕೊಂಡು ಕೂದಲು ತೀಡುತ್ತ ಬಂದ. ಇಬ್ಬರೂ ಗೋಡೆಗೆ ಬೆನ್ನು ಮಾಡಿ ನಿಂತರು. ಅವಳ ತಮ್ಮ ಫ್ಲ್ಯಾಷ್ ಹಾಕಿ ಫೋಟೊ ತೆಗೆದ. ಆ ಬಿಳಿ ಬೆಳಕಿಗೆ ಫೋಟೊದಲ್ಲಿ ಪಿಸ್ತೂಲು ಕೆಂಪಗೆ ಎದ್ದು ಕೂತಿತು.

“ಗನ್ ಏನ್ ಬಂದಿದೆ ನೋಡಿ ಭಾವ,” ಎಂದು ಭಾವಮೈದ ಫೋನನ್ನು ತೋರಿಸಿದ. ಬೆನ್ನ ಹಿಂದಿನ ಗೋಡೆಯತ್ತ ಯಾರೂ ತಿರುಗಲಿಲ್ಲ. ಇಬ್ಬರೂ ಕಾರಿಗೆ ಹೋದರು.

ಚೀಲ ಹಿಡಿದ ಇಬ್ಬರು ಹೆಂಗಸರು ಪೋಸ್ಟರಿನ ಮುಂದೆ ನಿಂತರು.

“ಯಾರೋ ಪಾಪ,” ಅಂದಳು ಒಬ್ಬಳು. “ದಾರ ಪೋಣಿಸಿಕೊಡೋಕೂ ಮನೇಲಿ ಒಂದು ಜನ ಇಲ್ಲ ಅನ್ಸುತ್ತೆ.”

“ಶುಕ್ರವಾರದಿಂದ ಅಂತೆ. ಹೋಗೋಣ್ವಾ?”

ಫೋನು ಹಿಡಿದು ಅಲ್ಲೇ ಉಳಿದಿದ್ದ ತಮ್ಮ ಆ ಮಾತಿಗೆ ತಲೆ ಎತ್ತಿದ. ಗೋಡೆ ನೋಡಿದ, ಫೋನು ನೋಡಿದ, ಮತ್ತೆ ಗೋಡೆ ನೋಡಿದ.

“ಅಕ್ಕಾ, ಗನ್ ಎಲ್ಲಿ?”

“ನಿನ್ನ ಸಿನಿಮಾದಲ್ಲಿ ಎಲ್ಲಿದೆಯೋ, ಇಲ್ಲೂ ಅಲ್ಲೇ ಇದೆ ಕಣೋ.”

ಅವನು ನೆತ್ತಿಯ ಮೇಲಿನ ಹಳದಿ ದೀಪ ನೋಡಿದ. ಆಮೇಲೆ ಮುಖ ಅರಳಿತು. “ಅಕ್ಕ, ಪೇಪರಿನವರು ಕೇಳಿದ್ರೆ ಇದು ನನ್ನ ಐಡಿಯಾ ಅಂತ ಹೇಳ್ಲಾ?”

“ಹೇಳ್ಕೋ. ಅವರಿಬ್ಬರ ಕಿವಿಗೆ ಬಿದ್ದ ದಿನವೂ ಐಡಿಯಾ ನಿನ್ನದೇ ಆಗಿರ್ಲಿ.”

ಕಾರು ಹೋದ ದಿಕ್ಕಿಗೊಮ್ಮೆ ತಮ್ಮ ನೋಡಿದ.

“ಹಾಗಾದ್ರೆ ಬೇಡ ಬಿಡು,” ಅಂದ.