ನಿಂತೇ ಇರುವ ಕುದುರೆಯೂ ಸಾವಕ್ಕನ ಕಾಲೂ

ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಸಾವಕ್ಕನ ಇಸ್ತ್ರಿ ಅಂಗಡಿ. ಬೆಳಿಗ್ಗೆ ಇದ್ದಿಲು ಹೊತ್ತಿಸಿ ನಿಂತಳೆಂದರೆ ಸಂಜೆಯವರೆಗೂ ಒಂದೇ ಜಾಗ. ಗಂಡ ಗಂಗಪ್ಪ ಬಟ್ಟೆ ಗಂಟು ಹೊತ್ತು ಮನೆಮನೆಗೆ ಮುಟ್ಟಿಸುತ್ತಿದ್ದ.

ಎರಡು ವರ್ಷದಿಂದ ಸಂಜೆಯಾದರೆ ಸಾವಕ್ಕನ ಪಾದ ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಮೀನಖಂಡದ ಮೇಲೆ ನೀಲಿ ನರಗಳು ಗಂಟುಗಂಟಾಗಿ ಎದ್ದಿದ್ದವು. ಈಗ ಎಡಗಾಲಿನ ಗಿಣ್ಣಿನ ಹತ್ತಿರ ಚರ್ಮ ಕಪ್ಪಾಗಿ ಒಂದು ಹುಣ್ಣಾಗಿತ್ತು. ಎರಡು ತಿಂಗಳಾದರೂ ಮಾಯುತ್ತಿರಲಿಲ್ಲ. ಓಣಿಯವಳೊಬ್ಬಳು ಉಪ್ಪು ಬಿಡು ಎಂದಳು. ಇನ್ನೊಬ್ಬಳು ಕೆಟ್ಟ ರಕ್ತ ತೆಗೆಸು ಎಂದಳು. ಗಂಗಪ್ಪ ದೃಷ್ಟಿಯಾಗಿದೆ ಎಂದು ಕರಿದಾರ ಕಟ್ಟಿದ. ಯಾರ ಮಾತು ನಂಬಬೇಕೋ ಸಾವಕ್ಕನಿಗೆ ತಿಳಿಯಲಿಲ್ಲ. ಕಾಲು ತೆಗೆಯಬೇಕಾದೀತೇನೋ ಎಂಬ ಅಂಜಿಕೆಯನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಪೋಲಿಯೊ ಹನಿ ಹಾಕಲು ಓಣಿಗೆ ಬಂದ ನರ್ಸ್ ದ್ರಾಕ್ಷಾಯಿಣಿ ಹುಣ್ಣು ನೋಡಿ ನಿಂತಳು.

"ಇದು ದೃಷ್ಟಿ ಅಲ್ರಿ ಸಾವಕ್ಕ. ನೆಲ ಎಲ್ಲಾನೂ ಕೆಳಗ ಜಗ್ಗತೈತಿ, ರಕ್ತಾನೂ ಬಿಟ್ಟಿಲ್ಲ. ಕಾಲಿಗೆ ಇಳದ ರಕ್ತಾನ ಮ್ಯಾಲ ಹತ್ತಸೂದು ಮೀನಖಂಡದ ಕೆಲಸ. ನಡದ್ರ ಅದು ಹಿಂಡತೈತಿ. ಹತ್ತಿದ ರಕ್ತ ವಾಪಸ್ ಇಳೀಬಾರದಂತ ನರದಾಗ ಸಣ್ಣ ಸಣ್ಣ ಬಾಗಲಾ ಅದಾವು. ನಿಮ್ಮವು ನಿಂತು ನಿಂತು ಸಡ್ಲ ಆಗಿರಬೇಕು."

ಸಾವಕ್ಕನಿಗೆ ಮತ್ತಷ್ಟು ಗೊಂದಲವಾಯಿತು. "ನಿಂತ್ರ ಹಿಂಗ ಆಗತೈತಿ ಅಂದ್ರ ಲಾಲಸಾಬ ಕಾಕಾನ ಕುದುರೀಗೆ ಯಾಕ ಆಗಿಲ್ರಿ? ಅದು ನಿಂತ ನಿದ್ದಿ ಮಾಡತೈತಿ."

ಎದುರಿಗೆ ಟಾಂಗಾ ನಿಲ್ಲಿಸಿಕೊಂಡಿದ್ದ ಮುದುಕ ಲಾಲಸಾಬ ಇದನ್ನು ಕೇಳಿ ಹತ್ತಿರ ಬಂದ.

"ಕುದುರಿ ಕಾಲಿನ ಚರ್ಮ ಬಿಗಿ ಇರತೈತವ್ವಾ, ಕಾಲಚೀಲ ಹಾಕಿದಂಗ. ಗೊರಸು ನೆಲಕ್ಕ ಊರಿದಾಗೆಲ್ಲಾ ರಕ್ತ ಮ್ಯಾಲ ಒತ್ತತೈತಿ ಅಂತ ದನದ ಡಾಕ್ಟರ್ ಹೇಳಿದ್ರು. ಆದ್ರೂ ಮಳಿ ಹತ್ತಿದಾಗ ಎರಡ ದಿನ ಕಟ್ಟಿಹಾಕಿದ್ರ ಅದರ ಕಾಲೂ ಬಾಯತಾವು."

"ಮತ್ತ ಏನ ಮಾಡ್ತೀರಿ?" ಎಂದು ಸಾವಕ್ಕ ಕೇಳಿದಳು.

"ನಡಸ್ತೇನಿ. ಇಳೀತಾವು."

"ಕುದುರೀಗೆ ಹುಟ್ಟಿನಿಂದ ಬಂದ ಬಿಗಿ ನಮಗಿಲ್ಲ ನೋಡ್ರಿ," ಎಂದಳು ದ್ರಾಕ್ಷಾಯಿಣಿ. "ಅದಕ್ಕ ಡಾಕ್ಟರ್ ಪಟ್ಟಿ ಕಟ್ತಾರ."

"ಬಿಗದ್ರ ರಕ್ತ ನಿಂತ ಬಿಡತೈತಲ್ರಿ?" ಎಂದಳು ಸಾವಕ್ಕ.

"ಭಾಳ ಬಿಗದ್ರ ನಿಲ್ಲತೈತಿ. ಅದಕ್ಕ ಮನ್ಯಾಗ ಕಟ್ಟಬ್ಯಾಡ್ರಿ. ಮೊದಲ ತೋರಸ್ರಿ."

"ಇಕಿ ಕುಂತ್ರ ಇಸ್ತ್ರಿ ಯಾರು ಮಾಡ್ತಾರ?" ಎಂದ ಅಷ್ಟರಲ್ಲಿ ಬಟ್ಟೆ ಮುಟ್ಟಿಸಿ ಬಂದಿದ್ದ ಗಂಗಪ್ಪ.

"ಕುಂಡ್ರಬ್ಯಾಡ್ರಿ, ಅಡ್ಡಾಡ್ರಿ ಅಂತ ಹೇಳಾಕತ್ತೇನಿ."

ಮರುದಿನ ಲಾಲಸಾಬ ತನ್ನ ಟಾಂಗಾದಲ್ಲೇ ಸಾವಕ್ಕ, ಗಂಗಪ್ಪ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಕಾಲಿನ ನಾಡಿ ನೋಡಿ, ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ, ಎರಡೂ ಸರಿಯಿವೆ ಎಂದು ಕಂಡ ಮೇಲೆ ಹುಣ್ಣು ತೊಳೆದು, ಪಾದದಿಂದ ಮೊಣಕಾಲಿನವರೆಗೆ ಪಟ್ಟಿ ಸುತ್ತಿದರು. ಮಲಗುವಾಗ ಕಾಲು ಎದೆಗಿಂತ ಎತ್ತರದಲ್ಲಿರಲಿ ಎಂದರು.

ಅಂದಿನಿಂದ ಗಂಡಹೆಂಡತಿ ಕೆಲಸ ಅದಲುಬದಲು ಮಾಡಿಕೊಂಡರು. ಮಧ್ಯಾಹ್ನದ ಮೇಲೆ ಗಂಗಪ್ಪ ಇಸ್ತ್ರಿಗೆ ನಿಂತ, ಸಾವಕ್ಕ ಬಟ್ಟೆ ಮುಟ್ಟಿಸಲು ನಡೆದಳು. ವಾರ ಕಳೆಯುವಷ್ಟರಲ್ಲಿ ಗಂಗಪ್ಪ ತನ್ನ ಮೀನಖಂಡ ಹಿಚುಕಿಕೊಳ್ಳುತ್ತ, "ನೀ ಇಷ್ಟು ವರ್ಷ ಹೆಂಗ ನಿಂತಿ?" ಎಂದ. ಆ ದಿನ ಕರಿದಾರವನ್ನು ಅವನೇ ಬಿಚ್ಚಿದ.

ಮೂರು ತಿಂಗಳಿಗೆ ಹುಣ್ಣು ಮಾಯಿತು. ನರದ ಗಂಟುಗಳು ಇನ್ನೂ ಇವೆ, ಪಟ್ಟಿಯೂ ಇದೆ. "ರಕ್ತ ಹೆಂಗ ಮ್ಯಾಲ ಹತ್ತತೈತೋ ನನಗ ಇನ್ನೂ ಪೂರ್ತಿ ತಿಳಿವಲ್ದು," ಎನ್ನುತ್ತಾಳೆ ಸಾವಕ್ಕ. "ಆದ್ರ ನಡದ್ರ ಕಾಲು ಹಗುರ ಆಗತಾವು."

ನಿಂತು ದುಡಿಯುವ ಅಕ್ಕ, ಅಣ್ಣಂದಿರೇ, ನಡುನಡುವೆ ನಾಲ್ಕು ಹೆಜ್ಜೆ ನಡೆಯಿರಿ. ಅಷ್ಟೂ ಆಗದಿದ್ದರೆ ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿರಿ. ಕಾಲಿನ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ಆಸ್ಪತ್ರೆಗೆ ತೋರಿಸಿರಿ. ಒಂದೇ ಕಾಲು ಏಕಾಏಕಿ ಬಾತು ನೋವಾದರೆ ಒಂದು ದಿನವೂ ಕಾಯಬೇಡಿರಿ.