ಹುಳಗಳು ಎಳೆದ ಗೆರೆ

ಹವಾಮಾನ ಕಚೇರಿಯ ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ದಿನವಿಡೀ ಆಕಾಶ ನೋಡುವವಳಿಗೆ ಅಂಗೈಯಗಲ ಆಕಾಶವೂ ಇಲ್ಲವಲ್ಲ ಎಂದು, ಅಲ್ಲಿ ರೇಡಾರ್ ನೋಡಿಕೊಳ್ಳುವ ಹೆಂಗಸನ್ನು ಅವಳ ಗಂಡ ಛೇಡಿಸುತ್ತಿದ್ದ. ಅವನ ಕೆಲಸ ಇದಕ್ಕೆ ತದ್ವಿರುದ್ಧ. ಎತ್ತರದ ಕಟ್ಟಡಗಳ ನೆತ್ತಿಯಿಂದ ಹಗ್ಗ ಕಟ್ಟಿ ಇಳಿಬಿಟ್ಟ ಕಬ್ಬಿಣದ ತೊಟ್ಟಿಲಲ್ಲಿ ನಿಂತು ಹೊರಗಿನ ಗಾಜು ತೊಳೆಯುವುದು. ಮೀಸೆ ನರೆತ ಮೇಲೂ ತೊಟ್ಟಿಲಲ್ಲಿ ತೂಗಿಸಿಕೊಳ್ಳುವ ಗಂಡಸು ಊರಿಗೆಲ್ಲ ತಾನೊಬ್ಬನೇ ಎಂದು ಹೇಳಿಕೊಂಡು ನಗುತ್ತಿದ್ದ. ಹೆಂಡತಿಯ ಕಚೇರಿಯವರು ಮಳೆ ಬರುತ್ತದೆ ಎಂದ ದಿನ ಬೇಕೆಂದೇ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಿ ಹೋಗುತ್ತಿದ್ದ.

ರೇಡಾರ್ ಕಳಿಸುವ ಅಲೆಗಳು ಮಳೆಹನಿಗೆ ತಾಗಿ ಮರಳುವಂತೆ ಹಾರುವ ಹುಳಕ್ಕೂ ತಾಗಿ ಮರಳುತ್ತವೆ. ಮಳೆಯಷ್ಟೇ ಬೇಕಾದವರಿಗೆ ಹುಳ ಬರೀ ಕಸ. ಆ ಕಸ ಗುಡಿಸಿ ಚಿತ್ರವನ್ನು ಚೊಕ್ಕ ಮಾಡುವ ಕೆಲಸವನ್ನು ಯಂತ್ರವೇ ಮಾಡುತ್ತಿತ್ತು. ಆದರೆ ಆ ವಾರ ಹುಳಗಳ ಹಾರಾಟದ ಬಗ್ಗೆ ಸಂಶೋಧನೆ ಮಾಡುವವಳೊಬ್ಬಳು ಬಂದಿದ್ದಳು. ಗುಡಿಸುವ ಮೊದಲಿನ ಚಿತ್ರವೇ ತನಗೆ ಬೇಕು ಎಂದು ಹಟ ಹಿಡಿದು, ಪಕ್ಕದ ತೆರೆಯ ಮುಂದೆ ಠಿಕಾಣಿ ಹೂಡಿದ್ದಳು. ಕಚೇರಿಯವರು ಎರಡೇ ದಿನಕ್ಕೆ ಅವಳಿಗೆ ಹುಳದಕ್ಕ ಎಂದು ಹೆಸರಿಟ್ಟರು. ಅವಳು ಅದಕ್ಕೆ ಬೇಸರಪಡಲಿಲ್ಲ. ಯಾವ ಹುಳ ಎಷ್ಟು ಎತ್ತರಕ್ಕೆ ಏರುತ್ತದೆ, ಗಾಳಿಯ ಹೆಗಲೇರಿ ಎಲ್ಲಿಗೆ ಹೋಗಿ ಇಳಿಯುತ್ತದೆ ಎಂಬುದನ್ನು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬಂದ ರೇಡಾರಿನವಳನ್ನು ಹುಳದಕ್ಕ ಕೈಹಿಡಿದು ಎಳೆದಳು. ತೆರೆಯ ಮೇಲೆ ಕೂದಲೆಳೆಯಂಥ ಗೆರೆಯೊಂದು ಬಿಲ್ಲಿನಂತೆ ಬಾಗಿ ನಗರದ ಕಡೆ ಸರಿಯುತ್ತಿತ್ತು.

“ಎಷ್ಟು ಚೆಂದ ಇದೆ ನೋಡಿ. ಲಕ್ಷಾಂತರ ಹುಳ, ಒಂದೇ ಸಾಲಲ್ಲಿ.”

ರೇಡಾರಿನವಳಿಗೆ ಅದು ಚೆಂದ ಕಾಣಲಿಲ್ಲ. ಹುಳಗಳು ತಾವಾಗಿಯೇ ಹಾಗೆ ಸಾಲುಗಟ್ಟುವುದಿಲ್ಲ. ಗುಡ್ಡಗಳಾಚೆ ಸ್ವಲ್ಪ ಹೊತ್ತಿನ ಹಿಂದೆ ಗುಡುಗು ಮಳೆಯೊಂದು ಸುರಿದು ಮುಗಿದಿತ್ತು. ಅಲ್ಲಿ ಮೇಲಿಂದ ಕುಸಿದ ತಣ್ಣನೆಯ ಗಾಳಿ ಈಗ ನೆಲ ಹಿಡಿದು ನುಗ್ಗುತ್ತ, ದಾರಿಯಲ್ಲಿ ಸಿಕ್ಕ ಹುಳಗಳನ್ನೆಲ್ಲ ತನ್ನ ಅಂಚಿನಲ್ಲಿ ಬಾಚಿಕೊಂಡು ಬರುತ್ತಿತ್ತು. ಗಾಳಿ ರೇಡಾರಿನ ಕಣ್ಣಿಗೆ ಬೀಳುವುದಿಲ್ಲ, ಹುಳ ಬೀಳುತ್ತದೆ. ಅವಳು ತನ್ನ ತೆರೆಯ ಕಡೆ ತಿರುಗಿ ನೋಡಿದಳು. ಯಂತ್ರ ಚೊಕ್ಕ ಮಾಡಿದ ಆ ಚಿತ್ರದಲ್ಲಿ ನಗರದ ಸುತ್ತ ಏನೆಂದರೆ ಏನೂ ಇರಲಿಲ್ಲ.

ಮೇಲಧಿಕಾರಿಗೆ ಹೇಳಿ ಎಂದು ಹುಳದಕ್ಕನನ್ನು ಓಡಿಸಿ, ಅವಳು ಗಂಡನಿಗೆ ಫೋನು ಮಾಡಿದಳು. ಅವನು ಕೊರಳಿಗೆ ಕಟ್ಟಿಕೊಂಡ ಫೋನನ್ನು ಎತ್ತಿದ.

“ರೀ, ಎಲ್ಲಿದ್ದೀರಾ?”

“ಇನ್ನೆಲ್ಲಿ, ತೊಟ್ಟಿಲಲ್ಲಿ. ಅರ್ಧ ಕಟ್ಟಡ ಮುಗೀತು.”

“ದೊಡ್ಡ ಗಾಳಿ ಬರ್ತಿದೆ. ಮೊದಲು ಅಲ್ಲಿಂದ ಇಳೀರಿ.”

ಅವನು ನಕ್ಕ. ಇಲ್ಲಿ ಒಂದೆಲೆ ಅಲ್ಲಾಡುತ್ತಿಲ್ಲ, ಬಿಸಿಲಿಗೆ ನೆತ್ತಿ ಬೇಯುತ್ತಿದೆ, ನಿಮ್ಮವರ ಮಾತು ನಂಬಿದರೆ ಕೆಲಸ ಮುಗಿದ ಹಾಗೇ ಎಂದ. ಅವಳು ಗೋಗರೆದಳು. ಅವನು ತೊಟ್ಟಿಲಲ್ಲಿದ್ದ ಜೊತೆಯವನಿಗೆ ಏನೋ ಹೇಳಿ ಮತ್ತೆ ನಗಲು ಹೋದವನು ಅರ್ಧಕ್ಕೇ ನಿಲ್ಲಿಸಿದ.

“ಇದೇನೇ ಇದು? ಈಗ ತಾನೇ ಒರೆಸಿದ ಗಾಜಿಗೆ ಹುಳ ಬಂದು ಮುತ್ತಿಕೊಳ್ತಿವೆ. ಬಾಯಿಗೆ, ಕಣ್ಣಿಗೆ...”

ಗೆರೆ ಅವನನ್ನು ಮುಟ್ಟಿಯಾಗಿತ್ತು. ಅವಳು ಕೂಗಿದಳು.

“ಇಳಿಯೋಕೆ ಹೊತ್ತಿಲ್ಲ. ಗಾಜು ಒಡೆದು ಒಳಗೆ ಹೋಗಿ. ಕೇಳಿಸ್ತಾ? ಗಾಜು ಒಡೀರಿ.”

ಯಾರೋ ಫೋನಿನೊಳಗೆ ಬಾಯಿಟ್ಟು ಊದಿದಂಥ ಸದ್ದಾಯಿತು, ಅಷ್ಟೇ. ಮತ್ತೆ ಎಷ್ಟು ಸಲ ಮಾಡಿದರೂ ಗಂಟೆ ಹೊಡೆದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ.

ಕಚೇರಿಯ ಜೀಪಿನಲ್ಲಿ ಹೇಗೆ ಹತ್ತಿ ಕೂತಳೋ ಅವಳಿಗೇ ನೆನಪಿಲ್ಲ. ಬೀದಿಯುದ್ದಕ್ಕೂ ಕೊಂಬೆಗಳು ಮುರಿದು ಬಿದ್ದಿದ್ದವು, ಅಂಗಡಿಯ ಫಲಕಗಳು ಮಗುಚಿದ್ದವು. ಮೇಲೆ ಮಾತ್ರ ಏನೂ ಆಗಿಲ್ಲವೆಂಬಂತೆ ಬಿಸಿಲು ಹೊಳೆಯುತ್ತಿತ್ತು. ಆ ಕಟ್ಟಡದ ಕೆಳಗೆ ಜನ ಕತ್ತೆತ್ತಿಕೊಂಡು ನಿಂತಿದ್ದರು. ಅವಳೂ ಕತ್ತೆತ್ತಿದಳು. ತೊಟ್ಟಿಲು ಒಂದೇ ಹಗ್ಗಕ್ಕೆ ಜೋತುಬಿದ್ದು ಗೋಡೆಗೆ ಬಡಿಯುತ್ತಿತ್ತು. ಅದರಲ್ಲಿ ಯಾರೂ ಇರಲಿಲ್ಲ.

ಅವಳು ಮೇಲಿನಿಂದ ಕಣ್ಣು ಕಿತ್ತು ನೆಲ ನೋಡಬೇಕಿತ್ತು. ನೋಡಲಾಗಲಿಲ್ಲ. ಗರ ಬಡಿದವಳಂತೆ ನಿಂತ ಅವಳನ್ನು ಕಾವಲುಗಾರ ಗದರಿ ದೂರ ಸರಿಸಲು ಬಂದ. ಮುಖ ನೋಡಿ ದನಿ ತಗ್ಗಿಸಿದ.

“ನಿಮ್ಮವರಾ ಅಮ್ಮಾ? ಇಬ್ಬರೂ ಒಳಗಿದ್ದಾರೆ. ಜೀವಕ್ಕೇನಿಲ್ಲ.”

ಅವನೇ ಅವಳ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದ.

ಯಾವುದೋ ಕಂಪನಿಯ ಸಭೆ ನಡೆಯುವ ಕೋಣೆ. ಉದ್ದನೆಯ ಮೇಜಿನ ತುದಿಯ ಕುರ್ಚಿಯಲ್ಲಿ ಗಂಡ ಕೂತಿದ್ದ. ಮುಂಗೈಗೆ ಯಾರದೋ ಶರ್ಟು ಸುತ್ತಿತ್ತು, ರಕ್ತ ಅದರ ಹೊರಗೂ ಮೂಡಿತ್ತು. ನೆಲದ ತುಂಬ ಗಾಜಿನ ಚೂರು, ಚೂರಿನ ನಡುವೆ ಹುಳ. ಜೊತೆಯವನು ತಡವರಿಸುತ್ತ ಹೇಳಿದ: ಅಣ್ಣ ದೊಡ್ಡ ಸ್ಪ್ಯಾನರಿನಿಂದ ಗಾಜಿನ ಮೂಲೆಗೆ ಬಾರಿಸಿ, ಮೊದಲು ತನ್ನನ್ನು ಒಳಗೆ ನೂಕಿದ. ಅಣ್ಣನ ಇನ್ನೊಂದು ಕಾಲು ಒಳಗೆ ಬರುವಷ್ಟರಲ್ಲಿ ಹಗ್ಗ ಹರಿಯಿತು.

ಗಂಡ ಅವಳನ್ನು ನೋಡುತ್ತಿದ್ದ. ಗುರುತು ಹಿಡಿಯಲು ಅವನಿಗೆ ಬಹಳ ಹೊತ್ತು ಬೇಕಾಯಿತು.

“ಅಮ್ಮನಿಗೆ ಹೇಳಿದ್ಯಾ?”

“ಇಲ್ಲ.”

“ಹೇಳಬೇಡ.”

ಅವಳು ಅವನ ಪಕ್ಕದ ಕುರ್ಚಿಯಲ್ಲಿ ಕೂತು, ಗಾಯವಾಗದ ಕೈಯನ್ನು ಹಿಡಿದುಕೊಂಡಳು. ಆ ಕೈ ಮಂಜುಗಡ್ಡೆಯಂತಿತ್ತು.

ಮೇಲಧಿಕಾರಿ ಆ ಗೆರೆಯ ಚಿತ್ರವನ್ನು ಎರಡು ದಿನ ಮತ್ತೆ ಮತ್ತೆ ತೆರೆದು ನೋಡಿದರು. ಅಂಥ ಎಷ್ಟು ಗೆರೆಗಳನ್ನು ಇಷ್ಟು ವರ್ಷ ಗುಡಿಸಿ ಎಸೆದಿದ್ದೇವೋ ಎಂದು ಅವರು ಒಮ್ಮೆ ಗೊಣಗಿದ್ದನ್ನು ಅವಳು ಕೇಳಿಸಿಕೊಂಡಳು. ಈಗ ಗುಡಿಸಿದ್ದು, ಗುಡಿಸದ್ದು, ಎರಡೂ ಚಿತ್ರಗಳು ತೆರೆಯ ಮೇಲಿರುತ್ತವೆ.

ಗಂಡನ ಕೈ ವಾಸಿಯಾಯಿತು. ಎತ್ತರಕ್ಕೆ ಮಾತ್ರ ಅವನು ಮತ್ತೆ ಹೋಗಲಿಲ್ಲ, ನೆಲದ ಮೇಲೆ ನಿಂತು ಅಂಗಡಿಗಳ ಗಾಜು ಒರೆಸುತ್ತಾನೆ. ಜೊತೆಯವನು ಹೋಗುತ್ತಾನೆ. ದಿನಾ ಬೆಳಿಗ್ಗೆ ಅವಳಿಗೆ ಫೋನು ಮಾಡಿ, “ಅತ್ತಿಗೆ, ಇವತ್ತು ಹತ್ತಬಹುದಾ?” ಎಂದು ಕೇಳುತ್ತಾನೆ. ಅವಳು ಎರಡೂ ಚಿತ್ರ ನೋಡಿ ಹೂಂ ಎನ್ನುತ್ತಾಳೆ. ಅಂದ ಮೇಲೂ, ಅವನು ಇಳಿದೆ ಎಂದು ಹೇಳುವ ತನಕ, ಅವಳು ಊಟದ ಡಬ್ಬಿ ಬಿಚ್ಚುವುದಿಲ್ಲ.